ದೋಣಿಗೆ ಹೊಸ ಮೋಟಾರ್ ಬೇಕಾ? ಮೊದಲು ತಂತಿ ಮುಟ್ಟಿ ನೋಡಿ

(ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ನಾನು ಮಾತಾಡ್ತಿರೋದು ಅಮೆರಿಕದ ಮಿನ್ನೆಸೋಟಾದಿಂದ. ಇಲ್ಲಿನ ಕಾರುಗಳ ನಂಬರ್ ಪ್ಲೇಟ್ ಮೇಲೆ ‘10,000 ಕೆರೆಗಳು’ ಅಂತ ಬರೆದಿರುತ್ತೆ. ನಿಜವಾಗಿ ಲೆಕ್ಕ ಹಾಕಿದ್ರೆ ಹತ್ತು ಎಕರೆ ಅಥವಾ ಅದಕ್ಕಿಂತ ದೊಡ್ಡ ಕೆರೆಗಳೇ 11,842 ಇವೆ. ಇಂಥ ಊರಲ್ಲಿ ಇದ್ಮೇಲೆ ದೋಣಿ ಕೊಳ್ಳದೆ ಇರೋದು ಕಷ್ಟ. ನಾನೂ ಒಂದು ಕೊಂಡೆ. 14 ಅಡಿಯ ಅಲ್ಯೂಮಿನಿಯಂ ದೋಣಿ, ಸೆಕೆಂಡ್ ಹ್ಯಾಂಡ್. ಹಿಂಭಾಗದಲ್ಲಿ ಒಂದು ಎಲೆಕ್ಟ್ರಿಕ್ ಟ್ರೋಲಿಂಗ್ ಮೋಟಾರ್, ಮುಂಭಾಗದಲ್ಲಿ ಒಂದು ಬ್ಯಾಟರಿ.

ಟ್ರೋಲಿಂಗ್ ಅಂದ ಕೂಡಲೇ ನಿಮಗೆ ಕಾಮೆಂಟ್ ಬಾಕ್ಸ್ ನೆನಪಾಗಿರುತ್ತೆ. ಕರಾವಳಿಯವರಿಗೆ ಮಲ್ಪೆಯ ಟ್ರಾಲ್ ಬೋಟ್ ನೆನಪಾಗಿರಬಹುದು. ಎರಡೂ ಬೇರೆ. ಟ್ರಾಲ್ ಬೋಟ್ ದೊಡ್ಡ ಬಲೆ ಎಳೆಯುತ್ತೆ. ಟ್ರೋಲಿಂಗ್ ಅಂದ್ರೆ ಗಾಳದ ದಾರವನ್ನು ನೀರಿಗೆ ಬಿಟ್ಟು, ದೋಣಿಯನ್ನು ನಿಧಾನಕ್ಕೆ ನಡೆಸುತ್ತಾ ಎಳೆಯೋದು. ಅದಕ್ಕೆ ಸದ್ದಿಲ್ಲದ, ನಿಧಾನದ ಮೋಟಾರ್ ಬೇಕು. 1934ರಲ್ಲಿ ಪಕ್ಕದ ನಾರ್ತ್ ಡಕೋಟಾದ ಫಾರ್ಗೊ ಊರಿನಲ್ಲಿ ಒ.ಜಿ. ಸ್ಮಿಟ್ ಎಂಬಾತ ಫೋರ್ಡ್ ಕಾರಿನ ಸ್ಟಾರ್ಟರ್ ಮೋಟಾರಿಗೆ ಪಂಖ ಜೋಡಿಸಿ ಇಂಥದ್ದನ್ನು ಮಾಡಿದ. ಮಿನ್ನೆಸೋಟಾ ಮತ್ತು ಡಕೋಟಾ ಎರಡೂ ಹೆಸರು ಸೇರಿಸಿ ‘ಮಿನ್ ಕೋಟಾ’ ಅನ್ನೋ ಕಂಪನಿ ಹುಟ್ಟಿದ್ದು ಹಾಗೆ.

ಇವತ್ತಿನ ಕತೆ ಆ ಮೋಟಾರ್, ಆ ಬ್ಯಾಟರಿ, ಮತ್ತು ಅವೆರಡರ ನಡುವೆ ಇದ್ದ, ನಾನು ಒಂದು ಸಲವೂ ತಿರುಗಿ ನೋಡದ ತಂತಿಯದ್ದು.

ಆ ದಿನ ಆಗಿದ್ದು

ಕಳೆದ ವರ್ಷ ಮೇ ತಿಂಗಳಲ್ಲಿ ಅಪ್ಪಯ್ಯ ಊರಿನಿಂದ ಬಂದಿದ್ರು. ನಮ್ಮದು ಕುಂದಾಪುರದ ಹತ್ತಿರ ಗಂಗೊಳ್ಳಿ. ಅಪ್ಪಯ್ಯ ಮೂವತ್ತು ವರ್ಷ ಕಡಲಿಗೆ ಹೋದವರು. ಅವರಿಗೆ ನನ್ನ ದೋಣಿ ತೋರಿಸಬೇಕು ಅನ್ನೋ ಉಮೇದು ನನಗೆ. ಬೆಳಿಗ್ಗೆ ಗಾಳಿ ನಮ್ಮ ಬೆನ್ನಿಗಿತ್ತು. ದೋಣಿ ತಾನಾಗೇ ಹೋಗ್ತಿತ್ತು. ಎರಡು ಗಂಟೆ ಮೀನು ಹುಡುಕಿದ್ವಿ, ದಡದಿಂದ ಒಂದೂವರೆ ಕಿಲೋಮೀಟರ್ ದೂರ ಬಂದಿದ್ವಿ.

ಮಧ್ಯಾಹ್ನ ಗಾಳಿ ಜೋರಾಯ್ತು. ದೋಣಿ ತಿರುಗಿಸಿದ್ರೆ ಈಗ ಗಾಳಿ ಎದುರಿಗೆ. ಮೋಟಾರನ್ನು ಐದನೇ ಸ್ಪೀಡಿಗೆ ಇಟ್ಟೆ. ಹತ್ತು ನಿಮಿಷ ಎಳೆಯಿತು. ಆಮೇಲೆ ಸದ್ದು ಇಳೀತಾ ಬಂತು. ಕೊನೆಗೆ ಪಂಖ ಸುಮ್ಮನೆ ತಿರುಗ್ತಿತ್ತು, ದೋಣಿ ಹಿಂದಕ್ಕೆ ಹೋಗ್ತಿತ್ತು. ಮೇ ತಿಂಗಳಲ್ಲಿ ಇಲ್ಲಿ ಹಿಮ ಕರಗಿ ಹೆಚ್ಚು ದಿನ ಆಗಿರಲ್ಲ. ಆ ನೀರಿಗೆ ಬಿದ್ರೆ ಈಜು ಬರೋರಿಗೂ ಕೈಕಾಲು ಬೇಗ ಸೋಲುತ್ತೆ.

ಅಪ್ಪಯ್ಯ ಬೈಯಲಿಲ್ಲ. ಒಂದೇ ಮಾತು ಕೇಳಿದ್ರು: “ಹೋಯ್, ಹುಟ್ಟ್ ಇತ್ತಾ ಇಲ್ಯಾ?”

ಒಂದು ಹುಟ್ಟು ಇತ್ತು. ಅರವತ್ತೇಳು ವರ್ಷದ ಮನುಷ್ಯ ಮುಂದೆ ಮಂಡಿಯೂರಿ ಕೂತು ಒಂದೂಕಾಲು ಗಂಟೆ ಹುಟ್ಟು ಹಾಕಿದ್ರು. ನಾನು ಕೈಯಲ್ಲಿ ನೀರು ತಳ್ಳೋ ನಾಟಕ ಮಾಡ್ತಿದ್ದೆ.

ದಡಕ್ಕೆ ಬಂದು ಬ್ಯಾಟರಿ ಬಿಚ್ಚೋಕೆ ಹೋದಾಗ ಪ್ಲಾಸ್ಟಿಕ್ ಸುಟ್ಟ ವಾಸನೆ. ತಂತಿಯ ಹೊದಿಕೆ ಮೆತ್ತಗಾಗಿತ್ತು. ಜೋಡಣೆಯ ಹತ್ತಿರ ಕರಗಿ ಅಂಟಿಕೊಂಡಿತ್ತು. ಫ್ಯೂಸ್ ಇರಲಿಲ್ಲ, ಬ್ರೇಕರ್ ಇರಲಿಲ್ಲ. ನನಗೆ ನಿಜವಾಗಿ ಕೈ ನಡುಗಿದ್ದು ಅಲ್ಲಿ. ನಡುನೀರಿನಲ್ಲಿ ಬೆಂಕಿ ಹತ್ತಿದ್ರೆ ಓಡೋದು ಎಲ್ಲಿಗೆ?

ದೊಡ್ಡ ಮೋಟಾರ್ ಕೊಳ್ಳೋ ಆಸೆ

ಮಾರನೇ ವಾರ ಅಂಗಡಿಗೆ ಹೋದೆ. 24 ವೋಲ್ಟಿನ, 80 ಪೌಂಡ್ ಒತ್ತಡದ, ಜಿಪಿಎಸ್ ಇರೋ ಮೋಟಾರ್ ತೋರಿಸಿದ್ರು. ಬಟನ್ ಒತ್ತಿದ್ರೆ ಲಂಗರು ಹಾಕದೆಯೇ ದೋಣಿ ಇದ್ದಲ್ಲೇ ನಿಲ್ಲುತ್ತೆ. ಚೆನ್ನಾಗಿತ್ತು. ಕಾರ್ಡ್ ಉಜ್ಜೋದೊಂದೇ ಬಾಕಿ. ಆದ್ರೆ ಮನೆಗೆ ಬಂದು ಹಳೆ ಮೋಟಾರಿಗೆ ಪಕ್ಕದ ಮನೆಯವರ ಬ್ಯಾಟರಿ ಜೋಡಿಸಿ, ನೀರು ತುಂಬಿದ ದೊಡ್ಡ ಡ್ರಮ್ಮಿನಲ್ಲಿ ಓಡಿಸಿ ನೋಡಿದೆ. ಗಟ್ಟಿಮುಟ್ಟಾಗಿ ತಿರುಗಿತು. ಮೋಟಾರಿಗೆ ಏನೂ ಆಗಿರಲಿಲ್ಲ.

ಆಗ ಲೆಕ್ಕಕ್ಕೆ ಕೂತೆ. ಈ ಮೋಟಾರುಗಳ ಶಕ್ತಿಯನ್ನು ನೀರನ್ನು ತಳ್ಳುವ ಒತ್ತಡದಲ್ಲಿ, ಅಂದ್ರೆ ಪೌಂಡಿನಲ್ಲಿ ಹೇಳ್ತಾರೆ. ರೂಢಿಯ ಲೆಕ್ಕ ಸುಲಭ: ಪ್ರತಿ 100 ಪೌಂಡ್ ತೂಕಕ್ಕೆ 2 ಪೌಂಡ್ ಒತ್ತಡ. ನನ್ನ ದೋಣಿ, ಇಬ್ಬರು ಜನ, ಸಾಮಾನು ಎಲ್ಲ ಸೇರಿ ಸುಮಾರು 400 ಕಿಲೋ. ಅಂದ್ರೆ 880 ಪೌಂಡ್. ಕನಿಷ್ಠ 18 ಪೌಂಡ್ ಒತ್ತಡ ಸಾಕು. ಗಾಳಿ, ಅಲೆಗೆ ಅಂತ ಇನ್ನಷ್ಟು ಸೇರಿಸಿದ್ರೂ ನನ್ನ ಹಳೆ 40 ಪೌಂಡ್ ಮೋಟಾರ್ ಸಾಲುತ್ತಿತ್ತು. ಇನ್ನೊಂದು ವಿಷಯ: ಒತ್ತಡ ಎರಡು ಪಟ್ಟು ಆದ್ರೆ ವೇಗ ಎರಡು ಪಟ್ಟು ಆಗಲ್ಲ. ವೇಗ ಹೆಚ್ಚಿದಷ್ಟೂ ನೀರಿನ ತಡೆ ಇನ್ನೂ ಜಾಸ್ತಿ ಹೆಚ್ಚುತ್ತೆ. ಸ್ವಲ್ಪ ವೇಗಕ್ಕೆ ತುಂಬಾ ಕರೆಂಟ್ ತೆರಬೇಕು.

ಹಾಗಾದ್ರೆ ತಪ್ಪಿದ್ದೆಲ್ಲಿ? ತಂತಿಯಲ್ಲಿ, ಬ್ಯಾಟರಿಯಲ್ಲಿ, ಮತ್ತು ನನ್ನಲ್ಲಿ.

ಮೊದಲು ತಂತಿ

ಬ್ಯಾಟರಿ ಮುಂದೆ, ಮೋಟಾರ್ ಹಿಂದೆ. ನಡುವೆ 5 ಮೀಟರ್. ಕರೆಂಟ್ ಹೋಗಿ ವಾಪಸ್ ಬರಬೇಕು, ಹಾಗಾಗಿ ಒಟ್ಟು 10 ಮೀಟರ್ ತಂತಿ. ಹಿಂದಿನ ಮಾಲೀಕರು ಹಾಕಿದ್ದು 12 ಗೇಜ್, ಅಂದ್ರೆ ಸುಮಾರು 3.3 ಚದರ ಮಿಲಿಮೀಟರ್ ದಪ್ಪದ ತಾಮ್ರ. ಪೂರ್ತಿ ವೇಗದಲ್ಲಿ ಈ ಮೋಟಾರ್ ಸುಮಾರು 40 ಆಂಪ್ ಎಳೆಯುತ್ತೆ. ಆ ತೆಳು ತಂತಿಯಲ್ಲಿ 40 ಆಂಪ್ ಹರಿದಾಗ ದಾರಿಯಲ್ಲೇ 2 ವೋಲ್ಟ್ ಕಳೆದುಹೋಗುತ್ತೆ. 12 ವೋಲ್ಟಿನಲ್ಲಿ ಎರಡು! ವೋಲ್ಟ್ ಗುಣಿಸು ಆಂಪ್ ಅಂದ್ರೆ ವ್ಯಾಟ್. ಹಾಗಾಗಿ 80 ವ್ಯಾಟ್ ಶಾಖ, ಒಂದು ಹಳೆ ಕಾಲದ ಬಲ್ಬಿನಷ್ಟು, ನಮ್ಮ ಕಾಲಿನ ಕೆಳಗೆ ತಂತಿಯಲ್ಲಿ ಉರೀತಿತ್ತು. ಜೋಡಣೆ ಸಡಿಲ ಇದ್ದ ಕಡೆ ಶಾಖ ಒಂದೇ ಜಾಗದಲ್ಲಿ ಸೇರಿ ಪ್ಲಾಸ್ಟಿಕ್ ಕರಗಿತು.

ಅದನ್ನು ತೆಗೆದು 6 ಗೇಜ್ ತಂತಿ, ಅಂದ್ರೆ ಸುಮಾರು 13 ಚದರ ಮಿಲಿಮೀಟರ್ ಹಾಕಿದೆ. ಈಗ ಕಳೆದುಹೋಗೋದು ಅರ್ಧ ವೋಲ್ಟ್ ಮಾತ್ರ. ಕೊಳ್ಳುವಾಗ ತವರ ಲೇಪಿಸಿದ ಎಳೆಗಳ ತಾಮ್ರದ ತಂತಿ ನೋಡಿ ತಗೊಳ್ಳಿ. ಅಗ್ಗಕ್ಕೆ ಸಿಗೋ, ತಾಮ್ರ ಬಳಿದ ಅಲ್ಯೂಮಿನಿಯಂ ತಂತಿ ಬೇಡ.

ಜೊತೆಗೆ ಬ್ಯಾಟರಿಯ ಪ್ಲಸ್ ತುದಿಗೆ ಆದಷ್ಟು ಹತ್ತಿರದಲ್ಲಿ 60 ಆಂಪಿನ ಬ್ರೇಕರ್. ಬ್ರೇಕರ್ ಮೋಟಾರ್ ಕಾಯೋಕೆ ಇರೋದು ಅಂತ ನಾನು ಅಂದ್ಕೊಂಡಿದ್ದೆ. ಅದು ಮುಖ್ಯವಾಗಿ ಕಾಯೋದು ತಂತಿಯನ್ನು. ಪಂಖಕ್ಕೆ ಕಳೆ ಸುತ್ತಿ ಮೋಟಾರ್ ಸಿಕ್ಕಿಕೊಂಡ್ರೆ ಕರೆಂಟ್ ಏರುತ್ತೆ, ತಂತಿ ಉಜ್ಜಿ ಸವೆದು ಶಾರ್ಟ್ ಆದ್ರೆ ಇನ್ನೂ ಏರುತ್ತೆ. ತಂತಿ ಕಾದು ಬೆಂಕಿ ಹತ್ತೋ ಮೊದಲು ಬ್ರೇಕರ್ ಕಡಿದುಹಾಕಬೇಕು. ಅದನ್ನು ಮೋಟಾರಿನ ಪಕ್ಕ ಹಾಕಿದ್ರೆ ನಡುವಿನ 5 ಮೀಟರಿಗೆ ಕಾವಲು ಇಲ್ಲದ ಹಾಗಾಯ್ತು.

24 ವೋಲ್ಟ್ ಯಾಕೆ ಅನ್ನೋದೂ ಇಲ್ಲೇ ಅರ್ಥ ಆಗುತ್ತೆ. ಅಷ್ಟೇ ವ್ಯಾಟಿಗೆ ವೋಲ್ಟ್ ಎರಡು ಪಟ್ಟು ಆದ್ರೆ ಆಂಪ್ ಅರ್ಧ ಆಗುತ್ತೆ, ತಂತಿ ಕಡಿಮೆ ಕಾಯುತ್ತೆ. ಭಾರದ, ದೊಡ್ಡ ದೋಣಿಗೆ ಅದು ಸರಿ. ನನ್ನ ದೋಣಿಗೆ ಎರಡನೇ ಬ್ಯಾಟರಿ ಬರೀ ಹೊರೆ.

ಆಮೇಲೆ ಬ್ಯಾಟರಿ

ಹಳೆ ಬ್ಯಾಟರಿ ಮೇಲೆ 100 ಆಂಪ್-ಅವರ್ ಅಂತ ಬರೆದಿತ್ತು. ಮನೆಯ ಯುಪಿಎಸ್ ಬ್ಯಾಟರಿ ಮೇಲೂ ಇಂಥ ಸಂಖ್ಯೆ ನೋಡಿರ್ತೀರಿ. ಈ ಬ್ಯಾಟರಿಯಲ್ಲಿ ಆ ಸಂಖ್ಯೆ 20 ಗಂಟೆಯ ಲೆಕ್ಕದ್ದು, ಅಂದ್ರೆ ನಿಧಾನವಾಗಿ 5 ಆಂಪ್ ತೆಗೆದ್ರೆ 100. ಸೀಸದ ಬ್ಯಾಟರಿಯಿಂದ ಒಂದೇ ಏಟಿಗೆ 40 ಆಂಪ್ ಎಳೆದ್ರೆ ಸಿಗೋದು ಸುಮಾರು 60. ಪೂರ್ತಿ ಖಾಲಿ ಮಾಡಿದ್ರೆ ಅದರ ಆಯಸ್ಸು ಕಡಿಮೆ ಆಗುತ್ತೆ, ಹಾಗಾಗಿ ಅರ್ಧಕ್ಕೆ ನಿಲ್ಲಿಸಿ ಅಂತಾರೆ. ಉಳಿದಿದ್ದು 30. ಪೂರ್ತಿ ವೇಗದಲ್ಲಿ ಮುಕ್ಕಾಲು ಗಂಟೆ! ನನ್ನದು ಐದು ವರ್ಷ ಹಳೆಯದು, ಅಷ್ಟೂ ಇರಲಿಲ್ಲ.

ಹೊಸದಾಗಿ ತಗೊಂಡಿದ್ದು ಲಿಥಿಯಂ ಐರನ್ ಫಾಸ್ಫೇಟ್, ಅದೂ 100 ಆಂಪ್-ಅವರ್. ಇದರಲ್ಲಿ ಹೆಚ್ಚುಕಡಿಮೆ ಪೂರ್ತಿ ಬಳಸಬಹುದು. 40 ಆಂಪಿನಲ್ಲಿ ಎರಡೂಕಾಲು ಗಂಟೆಗೂ ಮೇಲೆ. ಹಳೆಯದು 28 ಕಿಲೋ, ಇದು 12 ಕಿಲೋ. ನಾಲ್ಕು ಎಚ್ಚರಿಕೆ ಮಾತ್ರ ನೆನಪಿಡಿ:

ಒಂದು, ಸೀಸದ ಬ್ಯಾಟರಿ ಸುಸ್ತಾಗಿ ನಿಧಾನಕ್ಕೆ ಸಾಯುತ್ತೆ. ಲಿಥಿಯಂ ಕೊನೆಯವರೆಗೂ ಒಂದೇ ಹುರುಪಿನಲ್ಲಿ ಓಡಿ, ಒಳಗಿರೋ ಬಿಎಂಎಸ್ ಸರ್ಕ್ಯೂಟ್ ಕಡಿದ ಕ್ಷಣ ಪೂರ್ತಿ ನಿಲ್ಲುತ್ತೆ. ವೋಲ್ಟ್ ಮೀಟರ್ ನೋಡಿದ್ರೆ ಎಷ್ಟು ಉಳಿದಿದೆ ಅಂತ ಸರಿಯಾಗಿ ಗೊತ್ತಾಗಲ್ಲ. ಹೋದ ಕರೆಂಟನ್ನು ಎಣಿಸುವ ಶಂಟ್ ಮೀಟರ್ ಹಾಕಿ. ಮೊಬೈಲ್‌ನಲ್ಲಿ ಡೇಟಾ ಎಷ್ಟು ಉಳಿದಿದೆ ಅಂತ ನೋಡೋ ಹಾಗೆ ಇದನ್ನೂ ನೋಡಬಹುದು.

ಎರಡು, ಚಾರ್ಜರ್ ಇದೇ ಬಗೆಯ ಲಿಥಿಯಂಗೆ ಮಾಡಿದ್ದೇ ಆಗಿರಬೇಕು.

ಮೂರು, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಒಳಗಿನ ಸೆಲ್ ಶಾಶ್ವತವಾಗಿ ಹಾಳಾಗುತ್ತೆ. ಮಿನ್ನೆಸೋಟಾ ಚಳಿಗೆ ಇದು ದೊಡ್ಡ ಮಾತು. ಚಳಿಗಾಲದಲ್ಲಿ ನನ್ನ ಬ್ಯಾಟರಿ ಮನೆಯೊಳಗೆ ಇರುತ್ತೆ.

ನಾಲ್ಕು, ಲಿಥಿಯಂನ ವೋಲ್ಟ್ ಸ್ವಲ್ಪ ಹೆಚ್ಚು. ಕೆಲವು ಮೋಟಾರಿನವರು ಇದರ ಜೊತೆ ಪೂರ್ತಿ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ ಅಂತಾರೆ. ಕೈಪಿಡಿ ಓದಿ.

ಕೊನೆಗೆ ಮೋಟಾರ್

ಮೋಟಾರ್ ಬದಲಾಯಿಸಿದ್ದು ಎರಡು ತಿಂಗಳಾದ ಮೇಲೆ. ಕಾರಣ ಶಕ್ತಿ ಅಲ್ಲ, ಸ್ವಿಚ್. ಐದು ಸ್ಪೀಡಿನ ಹಳೆ ಮೋಟಾರ್ ನಿಧಾನ ಓಡುವಾಗ ಬೇಡದ ಕರೆಂಟನ್ನು ಒಂದು ಸುರುಳಿಯಲ್ಲಿ ಶಾಖ ಮಾಡಿ ಕಳೆಯುತ್ತೆ. ಹೊಸ ಬಗೆಯದ್ದು ಕರೆಂಟನ್ನು ಕ್ಷಣಕ್ಷಣಕ್ಕೂ ಆನ್-ಆಫ್ ಮಾಡಿ, ಬೇಕಾದಷ್ಟೇ ತಗೊಳ್ಳುತ್ತೆ. 55 ಪೌಂಡಿನದ್ದು ತಗೊಂಡೆ, 12 ವೋಲ್ಟ್. ಪೂರ್ತಿ ವೇಗಕ್ಕೆ 50 ಆಂಪ್, ಆದ್ರೆ ಗಾಳ ಎಳೆಯೋ ನಿಧಾನದ ವೇಗಕ್ಕೆ ನನ್ನ ಮೀಟರ್ ತೋರಿಸೋದು 12 ರಿಂದ 15. ಅಂದ್ರೆ ಆರು ಗಂಟೆಗೂ ಮೇಲೆ. ತಂತಿ, ಬ್ರೇಕರ್, ಬ್ಯಾಟರಿ, ಚಾರ್ಜರ್, ಮೀಟರ್, ಮೋಟಾರ್ ಎಲ್ಲ ಸೇರಿ 900 ಡಾಲರ್ ಒಳಗೆ ಮುಗೀತು. ಅಂಗಡಿಯವರು ತೋರಿಸಿದ ಮೋಟಾರ್ ಒಂದೇ ಅದರ ಎರಡು ಪಟ್ಟು ಇತ್ತು. ಅದನ್ನು ಹಳೆ ತಂತಿಗೆ ಜೋಡಿಸಿದ್ರೆ ಏನಾಗ್ತಿತ್ತು ಅಂತ ಈಗ ಯೋಚಿಸೋಕೂ ಭಯ.

ಆಗಾಗ ಪಂಖ ಬಿಚ್ಚಿ ನೋಡೋದು ಮರೀಬೇಡಿ. ಗಾಳದ ದಾರ ಒಳಗೆ ಸುತ್ತಿಕೊಂಡ್ರೆ ಸೀಲ್ ಹರಿದು ಮೋಟಾರಿನೊಳಗೆ ನೀರು ಹೋಗುತ್ತೆ.

ವಾಪಸ್ ಬರೋ ಲೆಕ್ಕ

ಇಷ್ಟೆಲ್ಲ ಆದ್ಮೇಲೆ ಅಪ್ಪಯ್ಯನಿಗೆ ವೀಡಿಯೊ ಕಾಲ್ ಮಾಡಿ ಒಂದೊಂದೇ ತೋರಿಸಿದೆ. ಮೀಟರ್ ನೋಡಿ ಖುಷಿಪಟ್ರು. ಆಮೇಲೆ ಹೇಳಿದ್ರು: “ವಾಪಸ್ ಬಪ್ಪ ಲೆಕ್ಕ ಮೊದ್ಲ್ ಮಾಡ್ಕ್ ಮಗಾ.”

ಹಾಗಾಗಿ ಈಗ ನನ್ನ ನಿಯಮ: ಬ್ಯಾಟರಿಯ ಮೂರನೇ ಒಂದು ಪಾಲು ಹೋಗೋಕೆ ಮತ್ತು ಮೀನು ಹಿಡಿಯೋಕೆ, ಒಂದು ಪಾಲು ವಾಪಸ್ ಬರೋಕೆ, ಒಂದು ಪಾಲು ಮುಟ್ಟಲ್ಲ. ಹೊರಡುವಾಗ ಆದಷ್ಟು ಗಾಳಿಗೆ ಎದುರಾಗಿ ಹೋಗ್ತೀನಿ. ಬರುವಾಗ ಸುಸ್ತಾಗಿರೋದು ನಾನೂ ಹೌದು, ಬ್ಯಾಟರಿಯೂ ಹೌದು. ಆಗ ಗಾಳಿ ಬೆನ್ನಿಗಿರಲಿ. ಲೈಫ್ ಜಾಕೆಟ್ ಸೀಟಿನ ಕೆಳಗೆ ಇಡಲ್ಲ, ಮೈಮೇಲೆ ಹಾಕ್ಕೊಳ್ತೀನಿ.

ನಿಮ್ಮಲ್ಲಿ ಹೆಚ್ಚಿನವರ ಹತ್ತಿರ ದೋಣಿ ಇರಲ್ಲ, ಗೊತ್ತು. ಆದ್ರೆ ಯುಪಿಎಸ್ ಇರುತ್ತೆ, ಸೋಲಾರ್ ಇರುತ್ತೆ, ಯಾರೋ ಗೆಳೆಯ ಹಳೆ ಸೈಕಲ್ಲಿಗೆ ಮೋಟಾರ್ ಕಟ್ತಿರ್ತಾನೆ. ಲೆಕ್ಕ ಇದೇ. ಹತ್ತು ನಿಮಿಷ ಪೂರ್ತಿ ಲೋಡಿನಲ್ಲಿ ಓಡಿಸಿ, ಆಫ್ ಮಾಡಿ, ತಂತಿಯ ಹೊದಿಕೆ ಮೇಲೆ ಹುಷಾರಾಗಿ ಕೈ ಇಟ್ಟು ನೋಡಿ. ಬಿಸಿ ಇದ್ರೆ ಹೊಸ ಮೋಟಾರಿನ ಮಾತು ಆಮೇಲೆ.

ಅಪ್ಪಯ್ಯ ಮುಂದಿನ ಮೇ ತಿಂಗಳಿಗೆ ಮತ್ತೆ ಬರ್ತಾರೆ. ದೋಣಿಯಲ್ಲಿ ಈಗ ಎರಡು ಹುಟ್ಟು ಇವೆ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಸಿಗೋಣ.