ಪಾಪ: ಒಂದೇ ಪದ, ಎರಡು ಲೆಕ್ಕ

ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಿ ಮಗುವೊಂದು ಎಡವಿ ಬಿದ್ದರೆ, ಪಕ್ಕದಲ್ಲಿ ಹೂವು ಕಟ್ಟುತ್ತಿರುವವರ ಬಾಯಿಂದ ತಟ್ಟನೆ ಬರುವ ಮಾತು ‘ಅಯ್ಯೋ ಪಾಪ’. ಮಗು ಏನೋ ತಪ್ಪು ಮಾಡಿದೆ ಎಂದು ಯಾರೂ ತಿಳಿಯುವುದಿಲ್ಲ. ಕನ್ನಡದಲ್ಲಿ ಈ ಪದಕ್ಕೆ ದೋಷದ ಅರ್ಥ ಇರುವಂತೆ ಕನಿಕರದ ಅರ್ಥವೂ ಇದೆ. ಪರ್ಯೂಷಣದ ಸಂಜೆ ಬಸವನಗುಡಿಯ ಜೈನ ಮನೆಗಳಲ್ಲಿ ಪ್ರತಿಕ್ರಮಣಕ್ಕೆ ಕುಳಿತಾಗಲೂ ಬರುವುದು ಇದೇ ಪದ. ಕಾರ್ಪೊರೇಷನ್ ಬಳಿ 1904ರಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ಚರ್ಚಿನ ಕನ್ನಡ ಆರಾಧನೆಯಲ್ಲಿ ಕೇಳುವುದೂ ಇದೇ ಪದ.

ಕಾನ್ವೆಂಟ್ ಶಾಲೆಗೆ ಹೋಗುವ ನಮ್ಮ ಮಕ್ಕಳು ಎರಡನ್ನೂ ಕೇಳಿಕೊಂಡು ಬೆಳೆಯುತ್ತಾರೆ. ‘ಅವರಲ್ಲಿ ದೇವರು ಪಾಪ ಕ್ಷಮಿಸುತ್ತಾನಂತೆ, ನಮ್ಮಲ್ಲಿ ಯಾಕೆ ಕ್ಷಮಿಸುವುದಿಲ್ಲ?’ ಎಂದು ಮಗು ಕೇಳಿದಾಗ ಬಹಳಷ್ಟು ಮನೆಗಳಲ್ಲಿ ಸಿಗುವ ಉತ್ತರ, ‘ಅವರದು ಬೇರೆ, ನಮ್ಮದು ಬೇರೆ, ಊಟ ಮಾಡು’ ಎಂಬುದು. ಅಥವಾ ಅದಕ್ಕಿಂತ ಕೆಟ್ಟ ಉತ್ತರ: ‘ಅವರು ವಾರವೆಲ್ಲ ಪಾಪ ಮಾಡಿ ಚರ್ಚಿನಲ್ಲಿ ತೊಳೆದುಕೊಂಡು ಬರುತ್ತಾರೆ.’ ಈ ಎರಡನೆಯದು ಸತ್ಯವಲ್ಲ. ಗೊತ್ತಿಲ್ಲದೆ ಇನ್ನೊಬ್ಬರ ಧರ್ಮದ ಬಗ್ಗೆ ಹೀಗೆ ಹೇಳುವುದು ನಮ್ಮ ಹದಿನೆಂಟು ಪಾಪಸ್ಥಾನಗಳ ಪಟ್ಟಿಯಲ್ಲೇ ಇರುವ ‘ಪರಪರಿವಾದ’ಕ್ಕೆ ಸೇರುತ್ತದೆ.

ಮೊದಲು ಪದದ ಕಥೆ. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಅವರಿಗೆ ಬೇಕಾಗಿದ್ದ ಪದ ಇಲ್ಲಿ ಸಿದ್ಧವಾಗಿತ್ತು. ವಡ್ಡಾರಾಧನೆಯ ಕಾಲದಿಂದ ಜೈನ ಕವಿಗಳೂ ಮುನಿಗಳೂ ಬಳಸಿ ಬಳಸಿ ಸವೆಸಿದ ‘ಪಾಪ’ವನ್ನೇ ಅವರು ತೆಗೆದುಕೊಂಡರು. ಬೇರೆ ದಾರಿಯೂ ಇರಲಿಲ್ಲ. ಆದರೆ ಪಾತ್ರೆ ಒಂದೇ ಆದರೂ ಒಳಗಿನ ಪದಾರ್ಥ ಬೇರೆಯಾಯಿತು.

ಬೈಬಲಿನ ಹಳೆಯ ಭಾಗದ ಹೀಬ್ರೂ ಭಾಷೆಯಲ್ಲೂ ಹೊಸ ಭಾಗದ ಗ್ರೀಕ್ ಭಾಷೆಯಲ್ಲೂ ಪಾಪಕ್ಕೆ ಬಳಸಿದ ಮುಖ್ಯ ಪದಗಳ ಮೂಲ ಅರ್ಥ ‘ಗುರಿ ತಪ್ಪುವುದು’. ಬಿಟ್ಟ ಬಾಣ ಗುರಿಗೆ ತಾಗದೆ ಪಕ್ಕಕ್ಕೆ ಹೋದಂತೆ. ಆದರೆ ಯಾರು ಇಟ್ಟ ಗುರಿ? ಅಲ್ಲಿ ಉತ್ತರ, ದೇವರು. ಪಾಪವೆಂದರೆ ಮುಖ್ಯವಾಗಿ ದೇವರೊಡನೆ ಇದ್ದ ಸಂಬಂಧ ಕೆಡುವುದು, ಅವನ ಆಜ್ಞೆಯನ್ನು ಮೀರುವುದು. ಜೈನರಲ್ಲಿ ಆಜ್ಞೆ ಕೊಡುವ ಸೃಷ್ಟಿಕರ್ತನಿಲ್ಲ. ಕಷಾಯದಿಂದ ಕೂಡಿದ ಮನಸ್ಸು, ಮಾತು, ಕಾಯದ ಚಲನೆಯಿಂದ ಕರ್ಮಪುದ್ಗಲ ಆತ್ಮಕ್ಕೆ ಹರಿದು ಬರುತ್ತದೆ, ಅಂಟುತ್ತದೆ. ಅದೇ ಆಸ್ರವ, ಅದೇ ಬಂಧ. ಎಣ್ಣೆ ಹಚ್ಚಿದ ಮೈಗೆ ಧೂಳು ಕೂರುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಹಾಗಾಗಿ ‘ಯಾಕೆ ಕ್ಷಮಿಸುವುದಿಲ್ಲ’ ಎಂಬ ಮಗುವಿನ ಪ್ರಶ್ನೆಗೆ ಉತ್ತರ, ಇಲ್ಲಿ ಕೋಪಿಸಿಕೊಂಡವರೇ ಯಾರೂ ಇಲ್ಲ ಎಂಬುದು.

ಪಶ್ಚಿಮವೆಂದರೆ ಚರ್ಚ್ ಮಾತ್ರವಲ್ಲ. ಕ್ರಿಸ್ತನಿಗಿಂತ ನಾಲ್ಕು ನೂರು ವರ್ಷ ಹಿಂದೆ ಅಥೆನ್ಸಿನ ಸಾಕ್ರೆಟಿಸ್, ಯಾರೂ ತಿಳಿದು ತಿಳಿದು ಕೆಟ್ಟದ್ದು ಮಾಡುವುದಿಲ್ಲ, ಒಳಿತು ಯಾವುದೆಂದು ಗೊತ್ತಿಲ್ಲದೆ ಮಾಡುತ್ತಾರೆ ಎಂದು ವಾದಿಸಿದ. ಅರಿಸ್ಟಾಟಲ್ ಇದನ್ನು ಒಪ್ಪಲಿಲ್ಲ. ಸರಿ ಯಾವುದೆಂದು ಗೊತ್ತಿದ್ದೂ ಮನಸ್ಸು ಸೋಲುವುದುಂಟು ಎಂದ. ಸಕ್ಕರೆ ಕಾಯಿಲೆ ಇರುವವರು ಗಾಂಧಿ ಬಜಾರಿನಲ್ಲಿ ಸಿಹಿ ಅಂಗಡಿಯ ಮುಂದೆ ನಿಂತರೆ ಅರಿಸ್ಟಾಟಲ್ ಹೇಳಿದ್ದು ಅರ್ಥವಾಗುತ್ತದೆ. ಇವರಿಬ್ಬರ ಜಗಳಕ್ಕೆ ನಮ್ಮ ಕರ್ಮಸಿದ್ಧಾಂತದಲ್ಲಿ ಎರಡು ಪ್ರತ್ಯೇಕ ಖಾತೆಗಳೇ ಇವೆ. ತಿಳಿವಳಿಕೆಯನ್ನೇ ಕೆಡಿಸುವುದು ದರ್ಶನಮೋಹನೀಯ, ತಿಳಿದರೂ ನಡೆಯಲು ಬಿಡದಿರುವುದು ಚಾರಿತ್ರಮೋಹನೀಯ. ನಾಲ್ಕನೆಯ ಗುಣಸ್ಥಾನದ ಅವಿರತ ಸಮ್ಯಗ್ದೃಷ್ಟಿಗೆ ದೃಷ್ಟಿ ಸರಿಯಿದೆ, ವ್ರತ ಇನ್ನೂ ಬಂದಿಲ್ಲ.

ಈಗ ಪಶ್ಚಿಮದ ಪಾಪಕಲ್ಪನೆಗೆ ರೂಪ ಕೊಟ್ಟ ಮನುಷ್ಯನ ವಿಷಯ. ಸಂತ ಅಗಸ್ಟೀನ್ (354–430) ಉತ್ತರ ಆಫ್ರಿಕದವರು. ಹದಿನಾರನೆಯ ವಯಸ್ಸಿನಲ್ಲಿ ಗೆಳೆಯರೊಡನೆ ರಾತ್ರಿ ಹೊತ್ತು ನೆರೆಯ ತೋಟದ ಪೇರು ಮರವನ್ನು ಬರಿದು ಮಾಡಿದ್ದನ್ನು ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಹಸಿವಿರಲಿಲ್ಲ. ಮನೆಯಲ್ಲಿ ಇನ್ನೂ ಒಳ್ಳೆಯ ಹಣ್ಣಿತ್ತು. ಕದ್ದದ್ದರಲ್ಲಿ ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಹಾಗಾದರೆ ಯಾಕೆ ಕದ್ದೆ ಎಂದು ಪುಟಗಟ್ಟಲೆ ತಮ್ಮನ್ನು ತಾವೇ ಕೇಳಿಕೊಳ್ಳುತ್ತಾರೆ. ಕದಿಯುವುದರಲ್ಲೇ ಖುಷಿ ಇತ್ತು, ಜೊತೆಗಾರರಿದ್ದುದರಿಂದ ಆ ಖುಷಿ ಹೆಚ್ಚಿತು ಎಂಬ ಉತ್ತರಕ್ಕೆ ಬರುತ್ತಾರೆ. ನಾಲ್ಕು ಹಣ್ಣಿನ ಕಳ್ಳತನಕ್ಕೆ ಇಷ್ಟೊಂದು ವಿಚಾರಣೆಯೇ ಎಂದು ನಗುವವರಿದ್ದಾರೆ. ಅತಿಚಾರಗಳನ್ನು ಒಂದೊಂದಾಗಿ ಎಣಿಸುವ ಮನೆಯಲ್ಲಿ ಹುಟ್ಟಿದವರಿಗೆ ನಗು ಬರಲಾರದು.

ಅಗಸ್ಟೀನ್ ಕ್ರೈಸ್ತರಾಗುವ ಮೊದಲು ಒಂಬತ್ತು ವರ್ಷ ಮಾನಿ ಎಂಬ ಗುರುವಿನ ಪಂಥದಲ್ಲಿದ್ದರು. ಮಾನಿ ಮೂರನೆಯ ಶತಮಾನದವನು, ಮೆಸಪೊಟೇಮಿಯದವನು, ಭಾರತಕ್ಕೂ ಬಂದು ಹೋದವನು. ಆ ಪಂಥದ ವಿರಕ್ತರು ಮಾಂಸ ತಿನ್ನುತ್ತಿರಲಿಲ್ಲ, ಮದುವೆಯಾಗುತ್ತಿರಲಿಲ್ಲ, ಗಿಡದಿಂದ ಹಣ್ಣನ್ನು ತಾವೇ ಕೀಳುತ್ತಿರಲಿಲ್ಲ. ಅವರಿಗೆ ಆಹಾರ ಕೊಡುವ ಹೊಣೆ ‘ಕೇಳುವವರು’ ಎಂಬ ಗೃಹಸ್ಥರದು. ಶ್ರಾವಕ ಎಂಬ ಪದದ ಅರ್ಥವೂ ಕೇಳುವವನು ಎಂದೇ. ಅಗಸ್ಟೀನ್ ಅಂಥ ಒಬ್ಬ ‘ಶ್ರಾವಕ’ ಆಗಿದ್ದರು. ಮುಂದೆ ಆ ಪಂಥ ಬಿಟ್ಟ ಮೇಲೆ, ಅಂಜೂರ ಕಿತ್ತರೆ ಮರ ಅಳುತ್ತದೆ ಎಂದು ನಂಬಿದ್ದೆನಲ್ಲ ಎಂದು ತಮ್ಮನ್ನೇ ಹಾಸ್ಯ ಮಾಡಿಕೊಂಡರು. ಪಶ್ಚಿಮದ ಚಿಂತನೆಯಲ್ಲಿ ಗಿಡಮರಗಳ ಜೀವ ಪಾಪದ ಲೆಕ್ಕದಿಂದ ಹೊರಬಿದ್ದದ್ದಕ್ಕೆ ಈ ನಗುವೂ ಒಂದು ಕಾರಣವಿರಬೇಕು. ಏಕೇಂದ್ರಿಯ ಜೀವಕ್ಕೂ ಲೆಕ್ಕ ಇಡುವವರಿಗೆ ಅದು ದೊಡ್ಡ ನಷ್ಟವಾಗಿ ಕಾಣುತ್ತದೆ.

ಅಗಸ್ಟೀನರ ಹೆಸರಿನೊಡನೆ ಸೇರಿಕೊಂಡ ಸಿದ್ಧಾಂತ ‘ಜನ್ಮಪಾಪ’. ಮೊದಲ ಮನುಷ್ಯ ಆದಾಮನ ತಪ್ಪು ಅವನ ಸಂತತಿಗೆಲ್ಲ ಬರುತ್ತದೆ, ಹುಟ್ಟುವ ಕೂಸೂ ಅದರಿಂದ ಹೊರತಲ್ಲ ಎಂಬುದು ಅದರ ಸಾರ. ಪೆಲಾಜಿಯಸ್ ಎಂಬ ಸಾಧಕ ಇದನ್ನು ವಿರೋಧಿಸಿದ. ಅಪ್ಪ ಮಾಡಿದ ತಪ್ಪು ಮಗನದಲ್ಲ, ಮನುಷ್ಯ ಪ್ರಯತ್ನಪಟ್ಟರೆ ಸರಿಯಾಗಿ ನಡೆಯಬಲ್ಲ ಎಂದ. 418ರಲ್ಲಿ ಕಾರ್ಥೇಜಿನ ಸಭೆ ಪೆಲಾಜಿಯಸನ ಮತವನ್ನು ಖಂಡಿಸಿತು. ಗ್ರೀಕ್ ಮತ್ತು ಸಿರಿಯನ್ ಪರಂಪರೆಯ ಪೂರ್ವದ ಚರ್ಚುಗಳು ಮಾತ್ರ, ಆದಾಮನಿಂದ ಬಂದದ್ದು ಸಾವು ಮತ್ತು ದೌರ್ಬಲ್ಯ, ಅಪರಾಧವಲ್ಲ ಎಂಬ ಕಡೆಗೇ ನಿಂತವು. ದೀಕ್ಷಾಸ್ನಾನವಿಲ್ಲದೆ ತೀರಿಕೊಂಡ ಶಿಶುಗಳ ಗತಿ ಏನು ಎಂಬ ಪ್ರಶ್ನೆ ಶತಮಾನಗಳ ಕಾಲ ತಾಯಂದಿರನ್ನು ಸುಟ್ಟಿತು. 2007ರಲ್ಲಿ ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗ, ಅಂಥ ಶಿಶುಗಳಿಗೂ ಸದ್ಗತಿಯ ಆಸೆ ಇಟ್ಟುಕೊಳ್ಳಲು ಬಲವಾದ ಆಧಾರಗಳಿವೆ ಎಂದು ಬರೆಯಿತು.

ಇಲ್ಲಿ ಜೈನರು ಪೆಲಾಜಿಯಸನ ಪಕ್ಷ ಎಂದು ತಟ್ಟನೆ ಹೇಳಿಬಿಡುವ ಹಾಗಿಲ್ಲ. ಅಪ್ಪನ ಕರ್ಮ ಮಗನಿಗಿಲ್ಲ ಎಂಬುದು ನಿಜ. ಆದರೆ ಕೂಸು ಖಾಲಿ ಹಲಗೆಯಾಗಿ ಬರುತ್ತದೆ ಎಂದು ನಾವೂ ಹೇಳುವುದಿಲ್ಲ. ಗಣಿಯಲ್ಲಿ ಚಿನ್ನ ಮಣ್ಣಿನೊಡನೆ ಬೆರೆತೇ ಇರುವಂತೆ ಜೀವ ಅನಾದಿಯಿಂದ ಕರ್ಮದೊಡನೆ ಬೆರೆತೇ ಇದೆ. ಮೊದಲ ತಪ್ಪು ಎಂಬುದಿಲ್ಲ, ಆದ್ದರಿಂದ ಮೊದಲ ತಪ್ಪುಗಾರನೂ ಇಲ್ಲ. ಹವ್ವಳಂತೆ ಒಬ್ಬ ಹೆಣ್ಣಿನ ಮೇಲೆ ಹೊರೆ ಹಾಕುವ ಕಥೆ ಇಲ್ಲಿ ಹುಟ್ಟಲಿಲ್ಲ. ಆದರೆ ಕೆಲವು ಜೀವಗಳು ಎಂದಿಗೂ ಮೋಕ್ಷ ಪಡೆಯಲಾರದ ಅಭವ್ಯರು ಎನ್ನುವ ನಮ್ಮ ಮಾತಿನ ಮುಂದೆ, ದೇವರು ಆರಿಸಿಕೊಂಡವರೇ ಉದ್ಧಾರವಾಗುವುದು ಎಂಬ ಅಗಸ್ಟೀನರ ಮಾತು ಅಷ್ಟೇನೂ ದೂರದ್ದಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ವ್ಯಾಪಾರದ ಮನೆಗಳಿಗೆ ಬೇಗ ಅರ್ಥವಾಗುವ ಭಾಗ ಮುಂದಿನದು. ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ ಪಾಪಕ್ಕೂ ಸಾಲಕ್ಕೂ ಒಂದೇ ಪದ. ಮತ್ತಾಯನ ಸುವಾರ್ತೆಯಲ್ಲಿರುವ ಪ್ರಾರ್ಥನೆಯ ಗ್ರೀಕ್ ಮೂಲವೂ ‘ಸಾಲ’ ಎಂಬ ಪದವನ್ನೇ ಬಳಸುತ್ತದೆ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಆನ್ಸೆಲ್ಮ್ ಎಂಬ ಧರ್ಮಾಧ್ಯಕ್ಷರು ಈ ಲೆಕ್ಕವನ್ನು ಪೂರ್ತಿ ಬಿಡಿಸಿದರು. ಅನಂತನಾದ ದೇವರ ಗೌರವಕ್ಕೆ ಆದ ಧಕ್ಕೆಯೂ ಅನಂತ. ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರೊಬ್ಬನೇ, ಆದ್ದರಿಂದ ದೇವರೂ ಮನುಷ್ಯನೂ ಆದವನು ಬಂದು ತೀರಿಸಿದ. ಈ ಸಾಲದ ಮಾತು ಎಲ್ಲಿಯವರೆಗೆ ಬೆಳೆಯಿತೆಂದರೆ, ಶಿಕ್ಷೆ ಕಡಿಮೆ ಮಾಡುವ ಪತ್ರಗಳನ್ನು ಹಣಕ್ಕೆ ಕೊಡುವ ಸ್ಥಿತಿ ಬಂತು. 1517ರಲ್ಲಿ ಮಾರ್ಟಿನ್ ಲೂಥರ್ ಎದ್ದು ನಿಂತದ್ದು ಇದರ ವಿರುದ್ಧ.

ಸಾಲವನ್ನು ಬೇರೆಯವರು ತೀರಿಸಬಹುದೆ? ಚಿಕ್ಕಪೇಟೆಯ ಗದ್ದಿಯಲ್ಲಿ ಕೇಳಿದರೆ, ಹಣ ಯಾರು ಕೊಟ್ಟರೂ ಖಾತೆ ಚುಕ್ತಾ ಎನ್ನುತ್ತಾರೆ. ಜರ್ಮನಿಯ ಕಾಂಟ್ 1793ರ ತನ್ನ ಗ್ರಂಥದಲ್ಲಿ ಇದನ್ನೇ ಎತ್ತಿಕೊಂಡ. ಹಣದ ಸಾಲವನ್ನು ಇನ್ನೊಬ್ಬ ತೀರಿಸಬಹುದು, ಪಾಪದ ಸಾಲ ಹಾಗೆ ವರ್ಗಾಯಿಸಲು ಬರುವಂಥದ್ದಲ್ಲ, ಅದು ಮಾಡಿದವನದೇ ಎಂದ. ಪ್ರೊಟೆಸ್ಟಂಟ್ ಮನೆಯಲ್ಲಿ ಹುಟ್ಟಿ ಬೆಳೆದ ಈ ತತ್ತ್ವಜ್ಞಾನಿ ಇಲ್ಲಿ ನಮ್ಮ ಬಾಗಿಲಿಗೆ ಬಂದು ನಿಂತಂತಿದೆ. ಆದರೂ ವ್ಯತ್ಯಾಸ ಉಳಿಯುತ್ತದೆ. ನಿರ್ಜರೆ ಯಾರಿಗೋ ಕಟ್ಟುವ ಸಾಲವಲ್ಲ, ತಪಸ್ಸಿನಿಂದ ಅಂಟನ್ನು ಕಳಚುವ ಕೆಲಸ.

ಪಾಪ ಕೈಯಲ್ಲಿದೆಯೋ ಮನಸ್ಸಿನಲ್ಲಿದೆಯೋ ಎಂಬ ವಿಷಯದಲ್ಲಿ ಎರಡೂ ಕಡೆಯವರು ಬಹಳ ಹತ್ತಿರ ಬರುತ್ತಾರೆ. ಕಣ್ಣಿನ ನೋಟದಲ್ಲೇ ವ್ಯಭಿಚಾರ ಆಗಿಹೋಯಿತು ಎಂಬ ಬೋಧನೆ ಬೈಬಲಿನಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಪ್ಯಾರಿಸಿನ ಅಬೆಲಾರ್ಡ್, ಪಾಪವಿರುವುದು ಕೃತ್ಯದಲ್ಲಲ್ಲ, ಅದಕ್ಕೆ ಮನಸ್ಸು ಕೊಡುವ ಒಪ್ಪಿಗೆಯಲ್ಲಿ ಎಂದು ವಾದಿಸಿದ. ಅವನು ತೀರಿಕೊಂಡು ಎಪ್ಪತ್ತು ವರ್ಷವಾಗುವ ಮೊದಲೇ, 1209ರಲ್ಲಿ, ಕನ್ನಡದ ಜನ್ನ ‘ಯಶೋಧರ ಚರಿತೆ’ಯನ್ನು ಮುಗಿಸಿದ. ಯಶೋಧರ ಕಡಿದದ್ದು ನಿಜವಾದ ಕೋಳಿಯನ್ನಲ್ಲ, ತಾಯಿಯ ಒತ್ತಾಯಕ್ಕೆ ಮಾಡಿಸಿದ ಹಿಟ್ಟಿನ ಹುಂಜವನ್ನು. ಒಂದು ತೊಟ್ಟು ರಕ್ತವೂ ಬೀಳಲಿಲ್ಲ. ಆದರೂ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮ ಜನ್ಮ ಅಲೆಯಬೇಕಾಯಿತು. ಸಂಕಲ್ಪಹಿಂಸೆಯನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ ಕಥೆ ಪಶ್ಚಿಮದಲ್ಲೂ ಸಿಗುವುದು ಕಷ್ಟ. ಮಹಾಮತ್ಸ್ಯದ ಕಿವಿಯಲ್ಲಿ ಕೂತು, ‘ಇದರ ಬಾಯಿ ನನಗಿದ್ದರೆ ಒಂದು ಮೀನನ್ನೂ ಬಿಡುತ್ತಿರಲಿಲ್ಲ’ ಎಂದುಕೊಂಡೇ ಏಳನೆಯ ನರಕಕ್ಕೆ ಇಳಿದ ಅಕ್ಕಿಕಾಳಿನಷ್ಟು ಮೀನಿನ ಕಥೆಯನ್ನು ಅಜ್ಜಿಯರಿಂದ ಕೇಳಿದವರು ಇನ್ನೂ ಇದ್ದಾರೆ.

ಪಶ್ಚಿಮದ ಪ್ರಸಿದ್ಧ ‘ಏಳು ಮಹಾಪಾಪಗಳ’ ಪಟ್ಟಿ ಆರನೆಯ ಶತಮಾನದ ಕೊನೆಗೆ ಪೋಪ್ ಗ್ರೆಗರಿಯವರ ಕಾಲದಿಂದ ಗಟ್ಟಿಯಾಯಿತು. ಇಂದು ಎಣಿಸುವ ಕ್ರಮದಲ್ಲಿ ಅಹಂಕಾರ, ಹೊಟ್ಟೆಕಿಚ್ಚು, ಕೋಪ, ಆಲಸ್ಯ, ದುರಾಸೆ, ಹೊಟ್ಟೆಬಾಕತನ, ಕಾಮ. ನಮ್ಮ ನಾಲ್ಕು ಕಷಾಯಗಳಲ್ಲಿ ಕ್ರೋಧ, ಮಾನ, ಲೋಭ ಮೂರೂ ಇಲ್ಲಿವೆ. ಮಾಯೆ, ಅಂದರೆ ಕಪಟ, ಇಲ್ಲ! ಇಟಲಿಯ ಕವಿ ದಾಂತೆ ತನ್ನ ನರಕದ ಅತಿ ಕೆಳಗಿನ ಸುತ್ತುಗಳನ್ನು ಮೋಸಗಾರರಿಗೇ ಮೀಸಲಿಟ್ಟು ಈ ಕೊರತೆ ತುಂಬಿದನೆನ್ನಬೇಕು. ಕಳ್ಳ ತೂಕವನ್ನು ಬೈಬಲಿನ ಹಳೆಯ ಭಾಗ ಖಂಡಿಸುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಚೌರ್ಯವ್ರತದ ಅತಿಚಾರಗಳಲ್ಲಿ ಹೆಚ್ಚು ಕಡಿಮೆ ತೂಕ ಅಳತೆ, ಕಲಬೆರಕೆ, ಕದ್ದ ಮಾಲು ಕೊಳ್ಳುವುದು ಮೂರನ್ನೂ ಹೆಸರಿಸುತ್ತದೆ. ಮಾಮೂಲ್‌ಪೇಟೆಯ ಅಂಗಡಿಗಳಿಗೆ ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮಾತ್ರಕ್ಕೆ ಆ ಸೂತ್ರ ಹಳೆಯದಾಗಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಮನೆಗಳು ಆ ಕಡೆಯಿಂದ ಕೇಳಿಸಿಕೊಳ್ಳಬೇಕಾದದ್ದಿದೆ. ಬೈಬಲಿನ ಯೋಬ ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡಾಗ ಗೆಳೆಯರು ಬಂದು, ನೀನು ಏನೋ ಪಾಪ ಮಾಡಿರಬೇಕು ಎಂದರು. ಯೋಬ ಒಪ್ಪಲಿಲ್ಲ, ಕಥೆಯ ಕೊನೆಗೆ ದೇವರು ಬೈದದ್ದು ಗೆಳೆಯರನ್ನೇ. ಹುಟ್ಟುಕುರುಡನನ್ನು ತೋರಿಸಿ, ಪಾಪ ಇವನದೋ ಹೆತ್ತವರದೋ ಎಂದು ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆದ. ಜೈನ ಸಿದ್ಧಾಂತದಲ್ಲಿ ದುಃಖಕ್ಕೆ ಅಸಾತಾವೇದನೀಯ ಕರ್ಮ ಕಾರಣ ಎಂಬುದು ಸರಿಯೇ. ಆದರೆ ಬುದ್ಧಿ ಬೆಳೆಯದ ಮಗುವಿನ ತಾಯಿಯ ಎದುರು, ಮದುವೆ ಮನೆಯ ಪಂಕ್ತಿಯಲ್ಲಿ ಕೂತು, ‘ಅವರವರ ಕರ್ಮ’ ಎಂದು ಹೇಳುವ ಅಧಿಕಾರವನ್ನು ಯಾವ ಸೂತ್ರವೂ ಕೊಟ್ಟಿಲ್ಲ. ಯಾರ ಯಾವ ಕರ್ಮ ಯಾವಾಗ ಉದಯಕ್ಕೆ ಬಂತು ಎಂದು ಬಲ್ಲವರು ಕೇವಲಿಗಳು. ಇನ್ನೊಬ್ಬರಿಗೆ ದುಃಖ, ಶೋಕ ಉಂಟುಮಾಡುವುದೇ ಅಸಾತಾವೇದನೀಯದ ಆಸ್ರವಕ್ಕೆ ಕಾರಣ ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಅನುಕಂಪ ಸಮ್ಯಗ್ದರ್ಶನದ ಗುರುತುಗಳಲ್ಲಿ ಒಂದು. ಹೂವು ಕಟ್ಟುವವರ ‘ಅಯ್ಯೋ ಪಾಪ’ ಶಾಸ್ತ್ರಕ್ಕೆ ಹೆಚ್ಚು ಹತ್ತಿರದಲ್ಲಿದೆ.

ಇನ್ನು ‘ತೊಳೆದುಕೊಂಡು ಬರುವ’ ವಿಷಯ. ಮಲ್ಲೇಶ್ವರದಲ್ಲೇ ಸಂತ ಪೇತ್ರರ ಸೆಮಿನರಿ ಇದೆ. ಕಥೋಲಿಕ ಪಾದ್ರಿಗಳಾಗುವವರು ಅಲ್ಲಿ ವರ್ಷಗಟ್ಟಲೆ ತತ್ತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ಓದುತ್ತಾರೆ. ಅವರ ಓದಿನಲ್ಲಿ ಪಾಪನಿವೇದನೆಯ ನಿಯಮ ಸ್ಪಷ್ಟ: ಪಶ್ಚಾತ್ತಾಪ ನಿಜವಾಗಿರಬೇಕು, ಮತ್ತೆ ಮಾಡಬಾರದೆಂಬ ನಿರ್ಧಾರ ಇರಬೇಕು, ಕದ್ದದ್ದನ್ನು ಹಿಂತಿರುಗಿಸಬೇಕು, ಪಾದ್ರಿ ವಿಧಿಸಿದ ಪ್ರಾಯಶ್ಚಿತ್ತ ಮಾಡಬೇಕು. ಇವಿಲ್ಲದೆ ಬಾಯಲ್ಲಿ ಹೇಳಿದ್ದು ನಿವೇದನೆಯಾಗದು. ವರ್ಷಕ್ಕೊಮ್ಮೆಯಾದರೂ ನಿವೇದಿಸಬೇಕೆಂಬ ಕಟ್ಟಳೆ 1215ರ ಲ್ಯಾಟೆರನ್ ಸಭೆಯದು. ಕೇಳಿದ್ದನ್ನು ಪಾದ್ರಿ ಯಾರಿಗೂ ಹೇಳುವಂತಿಲ್ಲ.

ನಮ್ಮಲ್ಲಿ ಇದಕ್ಕೆ ಸಮೀಪದ್ದು ಗುರುವಿನ ಮುಂದೆ ಮಾಡುವ ಆಲೋಚನೆ. ಗುರು ಇಲ್ಲಿ ಕ್ಷಮಿಸುವವರಲ್ಲ, ವೈದ್ಯರಂತೆ ಪ್ರಾಯಶ್ಚಿತ್ತ ಹೇಳುವವರು. ವಡ್ಡಾರಾಧನೆಯ ಕಥೆಗಳಿಗೆ ಆಧಾರವಾದ ಭಗವತೀ ಆರಾಧನೆಯಲ್ಲಿ ಆಲೋಚನೆಯ ಹತ್ತು ದೋಷಗಳನ್ನು ಎಣಿಸಿದ್ದಾರೆ. ಮೊದಲೇ ಸೇವೆ ಮಾಡಿ ಗುರುವನ್ನು ಒಲಿಸಿಕೊಂಡು ಹೇಳುವುದು ಒಂದು. ಬೇರೆಯವರು ನೋಡಿಬಿಟ್ಟ ತಪ್ಪನ್ನಷ್ಟೇ ಹೇಳುವುದು ಇನ್ನೊಂದು. ಸಣ್ಣದನ್ನು ಹೇಳಿ ದೊಡ್ಡದನ್ನು ಮುಚ್ಚುವುದು, ಗದ್ದಲದ ನಡುವೆ ಯಾರಿಗೂ ಕೇಳಿಸದಂತೆ ಗೊಣಗುವುದು, ಅದೇ ತಪ್ಪು ಮಾಡುವವರ ಹತ್ತಿರವೇ ಹೋಗಿ ಹೇಳುವುದು ಕೂಡ ಈ ಪಟ್ಟಿಯಲ್ಲಿವೆ. ‘ಛನ್ನ’ ಎಂಬ ದೋಷವಂತೂ ಕ್ಷಮಾವಣಿಯ ದಿನ ಮುನಿಗಳ ಮುಂದಿನ ಸಾಲಿನಲ್ಲಿ ಇಂದಿಗೂ ಕೇಳಿಬರುವಂಥದ್ದು: ‘ಸ್ವಾಮೀಜಿ, ಯಾರಾದರೂ ಇಂಥ ತಪ್ಪು ಮಾಡಿದರೆ ಪ್ರಾಯಶ್ಚಿತ್ತ ಏನು? ನನಗಲ್ಲ, ಸುಮ್ಮನೆ ಕೇಳಿದೆ.’