ಹಳೆಯ ಕಾರಿನ ಗೇರು ಏಕೆ ಬದಲಾಗದು?

ಶಕ್ತಿನಗರದಲ್ಲಿರುವಂಥ 210 ಮೆಗಾವಾಟ್ ಉಷ್ಣವಿದ್ಯುತ್ ಘಟಕಗಳಲ್ಲಿ ಬಾಯ್ಲರಿಗೆ ನೀರನ್ನೊತ್ತುವ ಪಂಪಿಗೂ ಅದರ ಮೋಟಾರಿಗೂ ನಡುವಣ ಕೊಂಡಿ ಎಣ್ಣೆಯೇ. ಮೋಟಾರಿನ ಕಡೆಯ ಚಕ್ರ ಎಣ್ಣೆಯನ್ನು ಎರಚುತ್ತದೆ. ಆ ರಭಸಕ್ಕೆ ಎದುರಿನ ಚಕ್ರ ತಿರುಗುತ್ತದೆ. ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಹಡಗುಗಳಿಗೆಂದು ಕಲ್ಪಿಸಿದ ಈ ಉಪಾಯವೇ ಮುಂದೆ ಸ್ವಯಂಚಾಲಿತ ಗೇರಿನ ಕಾರುಗಳಿಗೂ ಬಂದಿತು. 1953ರ ಕಾರ್ವೆಟ್ ಎಂಬ ಅಮೆರಿಕದ ಸ್ಪೋರ್ಟ್ಸ್ ಕಾರಿನಲ್ಲಿದ್ದುದು ಎರಡೇ ಗೇರುಗಳ ಇಂಥ ಪೆಟ್ಟಿಗೆ.

ಕಾರಿನಲ್ಲಾದರೋ ಎಣ್ಣೆಗೆ ಇನ್ನೊಂದು ಕೆಲಸವುಂಟು. ಗೇರನ್ನು ಯಾವಾಗ ಬದಲಿಸಬೇಕೆಂಬ ನಿರ್ಣಯವೂ ಅದರದೇ. ಕವಾಟವೊಂದರ ಒಂದು ತುದಿಯನ್ನು ಕಾರಿನ ವೇಗಕ್ಕೆ ತಕ್ಕ ಒತ್ತಡವೂ, ಇನ್ನೊಂದು ತುದಿಯನ್ನು ನಾವು ಆಕ್ಸಿಲರೇಟರನ್ನು ತುಳಿದಷ್ಟಕ್ಕೆ ತಕ್ಕ ಒತ್ತಡವೂ ದೂಡುತ್ತವೆ. ಮೊದಲನೆಯದು ಗೆದ್ದೊಡನೆ ಕವಾಟ ಸರಿದು ಮೇಲಿನ ಗೇರು ಬೀಳುತ್ತದೆ.

ಆದುದರಿಂದ ಹಳೆಯ ಕಾರು ಮೊಂಡು ಹಿಡಿದರೆ ಪೆಟ್ಟಿಗೆಯನ್ನು ಬಿಚ್ಚುವ ಅವಸರ ಬೇಡ. ಮೊದಲು ಅಳತೆಕಡ್ಡಿಯನ್ನು ಎಳೆದು ನೋಡೋಣ. ಎಣ್ಣೆ ತಗ್ಗಿದ್ದರೆ ಒಳಗಿನ ಪಂಪು ಗಾಳಿಯನ್ನು ಹೀರುತ್ತದೆ, ಒತ್ತಡ ಕುಸಿದು ಕ್ಲಚ್ ಫಲಕಗಳು ಜಾರುತ್ತವೆ. ಎಂಜಿನ್ ಅರಚುತ್ತದೆ, ಕಾರು ಮಾತ್ರ ಓಡದು. ಹಾಗೆಯೇ ಓಡಿಸಿದರೆ ಫಲಕಗಳು ಸುಟ್ಟುಹೋದಾವು. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಡಿಯಿತೆಂದರೆ ಅವು ಆಗಲೇ ಸುಟ್ಟಿವೆಯೆಂದು ತಿಳಿಯಬೇಕು. ಎಣ್ಣೆ ಚೊಕ್ಕಟವಾಗಿದ್ದೂ ಗೇರು ತಡವಾಗಿ ಬೀಳುತ್ತಿದ್ದರೆ ಆಕ್ಸಿಲರೇಟರಿನಿಂದ ಬರುವ ಕೊಂಡಿಯನ್ನು ಪರೀಕ್ಷಿಸುವುದು ಯುಕ್ತ. ಗೇರು ಬೀಳುವುದೇ ಇಲ್ಲವಾದರೆ, ವೇಗದ ಸುದ್ದಿಯನ್ನು ಒಯ್ಯುವ ಗವರ್ನರ್ ಕವಾಟ ಸಿಕ್ಕಿಕೊಂಡಿರುವ ಶಂಕೆ. ಒತ್ತಡಮಾಪಕವನ್ನು ಜೋಡಿಸಿದರೆ ಅದು ಬಯಲಾಗುತ್ತದೆ.