ಕಂಪನಿಯ ಫೈನಾನ್ಸ್ ವಿಭಾಗದಲ್ಲಿ ದಿನಕ್ಕೆ ಎಷ್ಟು ಗಂಟೆ ಕೆಲಸ?
ಇದಕ್ಕೆ ಗಡಿಯಾರಕ್ಕಿಂತ ಕ್ಯಾಲೆಂಡರ್ ನೋಡಬೇಕು. ತಿಂಗಳ ನಡುವೆ ಸಾಮಾನ್ಯವಾಗಿ ಒಂಬತ್ತು-ಹತ್ತು ಗಂಟೆ; ಲೆಕ್ಕ ಮುಗಿಸುವ ಮೊದಲ ವಾರದಲ್ಲಿ ರಾತ್ರಿ ಹತ್ತಾದರೂ ಏಳುವಂತಿಲ್ಲ. ಷೇರುಪೇಟೆಯಲ್ಲಿರುವ ಕಂಪನಿಯಾದರೆ ತ್ರೈಮಾಸಿಕ ಫಲಿತಾಂಶಕ್ಕೆ 45 ದಿನ, ವಾರ್ಷಿಕಕ್ಕೆ 60 ದಿನ ಎಂಬ ಸೆಬಿ ಗಡುವು ಬೇರೆ. ಸಾಫ್ಟ್‌ವೇರ್ ಇದೆಯಲ್ಲ ಎನ್ನಬಹುದು. ಬ್ಯಾಂಕ್ ಲೆಕ್ಕವನ್ನು ಅದು ತಾಳೆ ಹಾಕುತ್ತದೆ, ನಿಜ. ಆದರೆ ಮಾರ್ಚ್ 31ರ ರಾತ್ರಿ ಗೋದಾಮು ಬಿಟ್ಟ ಲಾರಿ ಏಪ್ರಿಲ್ 2ಕ್ಕೆ ಗಿರಾಕಿಯ ಬಾಗಿಲು ಮುಟ್ಟಿದರೆ ಆ ಮಾರಾಟ ಯಾವ ವರ್ಷದ್ದು? ಒಪ್ಪಂದದ ಷರತ್ತು ಓದಿ, ಗೋದಾಮಿಗೆ ಫೋನ್ ಮಾಡಿ, ಲಾರಿ ರಸೀದಿ ತರಿಸಿ ಮನುಷ್ಯರೇ ತೀರ್ಮಾನಿಸಬೇಕು. ಆ ದಿನಗಳ ದುಡಿತವನ್ನು ಒಪ್ಪುತ್ತೇನೆ. ವರ್ಷವಿಡೀ ಹಾಗೇ ನಡೆದರೆ ಅದು ಗಡುವಿನ ತಪ್ಪಲ್ಲ, ಜನ ಸಾಲದಿರುವುದರ ಗುರುತು. ಕೆಲಸಕ್ಕೆ ಸೇರುವ ಮುನ್ನ ಅದನ್ನೇ ಕೇಳಿ: ತಿಂಗಳ ಲೆಕ್ಕ ಎಷ್ಟು ದಿನಕ್ಕೆ ಮುಗಿಯುತ್ತದೆ, ತಂಡದಲ್ಲಿ ಎಷ್ಟು ಮಂದಿ?